ಕಲ್ಲಿನೊಳಗಿನ ಕಲ್ಲು

ಚಿತ್ರದುರ್ಗವನ್ನು ನೋಡಬಂದವರು ಕೋಟೆಯನ್ನು ಕಂಡು ಹಿಂದಿರುಗುವುದು ವಾಡಿಕೆ. ಏಳು ಸುತ್ತಿನ ಕೋಟೆ, ಪಾಳೆಯಗಾರರ ಕಥೆ, ಓಬವ್ವನ ಕಿಂಡಿ ಇವುಗಳನ್ನು ಕಂಡು ಕೇಳಿ ತೃಪ್ತರಾದ ಮೇಲೆ ದಕ್ಷಿಣ ದಿಕ್ಕಿಗೆ ಕಣ್ಣು ಹಾಯಿಸುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಹಾಯಿಸಿದವರಿಗೆ ಅಲ್ಲಿ ನೀಳವಾಗಿ ಮಲಗಿರುವ ಒಂದು ಗಿರಿಶ್ರೇಣಿಯು ಗೋಚರಿಸುತ್ತದೆ. ಅದರ ನೆತ್ತಿಯೇ ಜೋಗಿಮಟ್ಟಿ. ಹಳೆಯ ಗೆಜೆಟಿಯರಿನಲ್ಲಿ ಜೋಗಿಮರಡಿ ಎಂದು ಕರೆಯಲ್ಪಟ್ಟಿರುವುದೂ ಇದೇ. ಮಳೆಗಾಲದ ಬೆಳಗುಗಳಲ್ಲಿ ಮಂಜು ಅದರ ತಲೆಯನ್ನು ಮುಸುಕಿರುತ್ತದೆ. ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಯಂತ್ರಗಳ ಬಿಳಿಯ ರೆಕ್ಕೆಗಳು ಈಚಿನ ದಶಕಗಳಲ್ಲಿ ಅದರ ಬೆನ್ನಿನ ಮೇಲೆ ತಿರುಗುತ್ತಿವೆ. ಸುತ್ತಣ ಕಾಡು ಈಗ ವನ್ಯಧಾಮವಾಗಿದೆ.

ಕೋಟೆಯ ಬೆಟ್ಟಕ್ಕೂ ಜೋಗಿಮಟ್ಟಿಗೂ ನೋಡಿದೊಡನೆ ತಿಳಿಯುವ ಭೇದವೊಂದುಂಟು. ಕೋಟೆಯದು ಬೋಳು ಬಂಡೆ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಉರುಟು ಗುಂಡುಗಳ, ಬೂದುಗೆಂಪು ಬಣ್ಣದ ಗ್ರಾನೈಟು. ಜೋಗಿಮಟ್ಟಿಯಾದರೋ ಹುಲ್ಲು ಹೊದ್ದು ಕುರುಚಲು ಕಾಡಿನಿಂದ ತುಂಬಿದ ಬೆಟ್ಟ. ಅದರ ಕಲ್ಲಿಗೆ ಕಪ್ಪುಹಸಿರು ಛಾಯೆ. ಅದರ ಬುಡದ ಹಳ್ಳಗಳಲ್ಲಿ ಕೆಲವೆಡೆ ಕಲ್ಲು ಹಳೆಯ ಓಲೆಯ ಕಟ್ಟಿನಂತೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಮನುಷ್ಯರ ಚರಿತ್ರೆಯಲ್ಲಿ ಕೋಟೆಗೇ ಹಿರಿತನವಾದರೂ ಕಲ್ಲಿನ ಚರಿತ್ರೆಯಲ್ಲಿ ಹಿರಿತನವು ಜೋಗಿಮಟ್ಟಿಯದು. ದುರ್ಗದ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷಗಳೆಂದು ವಿಜ್ಞಾನಿಗಳು ಎಣಿಸಿದ್ದಾರೆ. ಜೋಗಿಮಟ್ಟಿಯ ಕಲ್ಲಿಗೆ ಅದಕ್ಕಿಂತ ಹೆಚ್ಚು ವಯಸ್ಸು. ಅದು ಇದ್ದ ಮೇಲೆ ಗ್ರಾನೈಟು ಕೆಳಗಿನಿಂದ ಕರಗಿದ ರೂಪದಲ್ಲಿ ನುಗ್ಗಿ ಬಂದು ಪಕ್ಕದಲ್ಲಿ ನೆಲೆಸಿತು.

ಈ ಸಂಗತಿಯು ಹೊಳಲ್ಕೆರೆ ತಾಲ್ಲೂಕಿನ ಒಬ್ಬ ಮೇಷ್ಟ್ರಿಗೆ ತಿಳಿದದ್ದು ಅವರು ಪಾಠ ಹೇಳುವುದನ್ನು ಬಿಟ್ಟ ಮೇಲೆ. ಅವರು 1974ರಲ್ಲಿ ಹಳ್ಳಿಯೊಂದರ ಶಾಲೆಗೆ ಉಪಾಧ್ಯಾಯರಾಗಿ ಬಂದವರು; 2007ರಲ್ಲಿ ವಿಶ್ರಾಂತರಾದವರು. ವಿಜ್ಞಾನವನ್ನೂ ಭೂಗೋಳವನ್ನೂ ಬೋಧಿಸುತ್ತಿದ್ದರು. ಹುಡುಗರನ್ನು ಹೊಡೆಯುತ್ತಿರಲಿಲ್ಲ, ಆದರೆ ಮಾತಿನಲ್ಲಿ ಚುಚ್ಚುವ ಅಭ್ಯಾಸವಿತ್ತು. ತರಗತಿಯನ್ನು ನಗಿಸುವುದು ಒಳ್ಳೆಯ ಬೋಧಕನ ಲಕ್ಷಣವೆಂದು ಅವರು ಆ ಕಾಲದಲ್ಲಿ ನಂಬಿದ್ದರು.

1978ರ ಒಂದು ದಿನ ಶಿಲೆಗಳ ಪಾಠ ನಡೆದಿತ್ತು. ಬೆಂಕಿಯಿಂದ ಹುಟ್ಟಿದ್ದು ಅಗ್ನಿಜ ಶಿಲೆ. ನೀರು ಹೊತ್ತು ತಂದ ಮಣ್ಣುಮರಳು ಪದರವಾಗಿ ಕೂತು ಗಟ್ಟಿಯಾದದ್ದು ಜಲಜ ಶಿಲೆ. ಇವೆರಡೂ ನೆಲದೊಳಗಿನ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟದ್ದು ರೂಪಾಂತರ ಶಿಲೆ. ಇಷ್ಟನ್ನು ಹೇಳಿ ಮೇಷ್ಟ್ರು, ಪುಸ್ತಕದಲ್ಲಿಲ್ಲದ ಒಂದು ಮಾತನ್ನು ತಮ್ಮದಾಗಿ ಸೇರಿಸಿದರು: ದುರ್ಗದ ಸೀಮೆಯ ಕಲ್ಲೆಲ್ಲ ಬೆಂಕಿಯ ಕಲ್ಲು, ಇಲ್ಲಿ ಜಲಜ ಶಿಲೆಯನ್ನು ಹುಡುಕಿ ಪ್ರಯೋಜನವಿಲ್ಲ. ಅವರಿಗೆ ಪರಿಚಯವಿದ್ದದ್ದು ಕೋಟೆಯ ಬಂಡೆ ಮಾತ್ರ.

ಮರುದಿನ ಕುರಿ ಕಾಯುವ ಮನೆಯ ಹುಡುಗನೊಬ್ಬನು ತಾಳ್ಯದ ಕಡೆಯ ಹೊಲದ ಬದುವಿನಿಂದ ಒಂದು ಕಲ್ಲನ್ನು ಹೊತ್ತುತಂದು ಮೇಜಿನ ಮೇಲಿಟ್ಟನು. ಸಣ್ಣ ಕುಂಬಳಕಾಯಿಯಷ್ಟು ದಪ್ಪದ ಬೂದುಗಪ್ಪು ಕಲ್ಲು. ಅದರ ಮೈಯಲ್ಲಿ ಲಾಡುವಿನಲ್ಲಿ ದ್ರಾಕ್ಷಿ ಗೋಡಂಬಿಗಳು ಹುದುಗಿರುವಂತೆ ಬಿಳಿಯ, ಬೂದಿಬಣ್ಣದ, ನಸುಗೆಂಪಿನ ನುಣುಪು ಗುಂಡುಗಳು ಹುದುಗಿದ್ದವು. ಹುಡುಗ ಕೇಳಿದ್ದು ಇಷ್ಟೆ: “ಸಾ, ಇದ್ರಾಗಿರೋ ಗುಂಡು ಹಳ್ಳದಾಗಿನ ಕಲ್ಲಿನಂಗೇ ಐತಲ್ಲ. ನೀರಿಲ್ದೆ ಹೆಂಗೆ ದುಂಡಗಾತು?”

ಮೇಷ್ಟ್ರಿಗೆ ಉತ್ತರ ತಿಳಿಯದು. ತಿಳಿಯದೆಂದು ಹೇಳುವುದೂ ಅವರಿಂದಾಗಲಿಲ್ಲ. “ಕುರಿಮಂದೆಯ ಶಾಸ್ತ್ರ ಇಲ್ಲಿ ಬೇಡಪ್ಪಾ, ಪುಸ್ತಕದ್ದು ಓದು” ಎಂದರು. ತರಗತಿ ನಕ್ಕಿತು. ಕಲ್ಲು ಅಂಗಳದ ಹೊಂಗೆಯ ಬುಡಕ್ಕೆ ಹೋಯಿತು. ಮುಂದಿನ ವರ್ಷ ಆ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ. ಬಡತನದ ಮನೆ, ಅಂಥ ಮನೆಯ ಹುಡುಗರು ಆ ವಯಸ್ಸಿನಲ್ಲಿ ಶಾಲೆ ಬಿಡುವುದು ಆಗ ಅಪರೂಪವಲ್ಲ. ಮೇಷ್ಟ್ರು ಅದಕ್ಕೆ ಬೇರೆ ಕಾರಣವನ್ನು ಹುಡುಕಲಿಲ್ಲ.

ವಿಶ್ರಾಂತಿಯ ಕಾಲದಲ್ಲಿ ಹೊತ್ತು ಕಳೆಯಲೆಂದು ಅವರು ಜಿಲ್ಲೆಯ ಇತಿಹಾಸವನ್ನು ಓದತೊಡಗಿದರು. ಮೊದಲು ಶಾಸನಗಳು, ಆಮೇಲೆ ಚಂದ್ರವಳ್ಳಿ. ದುರ್ಗದ ಬೆಟ್ಟಗಳ ತಪ್ಪಲಿನ ಆ ಕಣಿವೆಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣರೂ, 1947ರಲ್ಲಿ ಮಾರ್ಟಿಮರ್ ವ್ಹೀಲರರೂ ನೆಲವನ್ನು ಅಗೆಸಿದಾಗ, ಕೆಲವೇ ಅಡಿಗಳ ಮಣ್ಣಿನಲ್ಲಿ ಶಾತವಾಹನರ ನಾಣ್ಯವೂ ರೋಮಿನ ನಾಣ್ಯವೂ ದೊರೆತವೆಂಬುದು ಇತಿಹಾಸಾಸಕ್ತರಿಗೆ ತಿಳಿದ ವಿಷಯ. ಕೆಳಗಿನ ಪದರ ಹಳೆಯದು, ಮೇಲಿನ ಪದರ ಹೊಸದು. ನಡುವೆ ಯಾರೂ ಕದಡದಿದ್ದರೆ ಕ್ರಮ ತಪ್ಪದು. ಈ ಸರಳ ನ್ಯಾಯವೇ ಮೇಷ್ಟ್ರನ್ನು ಮಣ್ಣಿನಿಂದ ಕಲ್ಲಿಗೆ ಒಯ್ದಿತು. ಎರಡು ಸಾವಿರ ವರ್ಷಕ್ಕೆ ಇಷ್ಟು ಮಣ್ಣಾದರೆ ಅದರಡಿಯ ಕಲ್ಲಿಗೆ ಎಷ್ಟು ಕಾಲ ಬೇಕಾಯಿತೆಂದು ತಿಳಿಯುವ ಆಸೆಯಿಂದ ಅವರು ಭೂವಿಜ್ಞಾನದ ಬರಹಗಳನ್ನು ಹುಡುಕಿ ಓದಿದರು. ಅಲ್ಲಿ ಅವರಿಗೆ ಎದುರಾದದ್ದು ತಾವು ಹೊಂಗೆಯ ಬುಡಕ್ಕೆ ಎಸೆಸಿದ್ದ ಕಲ್ಲು.

ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಗದಗಿನ ಕಡೆಯಿಂದ ತೊಡಗಿ ಚಿತ್ರದುರ್ಗದ ಮೂಲಕ ಶ್ರೀರಂಗಪಟ್ಟಣದ ದಿಕ್ಕಿಗೆ 400 ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ ಹಬ್ಬಿರುವ ಕಪ್ಪುಶಿಲೆಗಳ ಪಟ್ಟಿಯೊಂದು ಕರ್ನಾಟಕದ ನೆಲದಲ್ಲಿ ಹಾದುಹೋಗಿದೆ. ಜೋಗಿಮಟ್ಟಿ ಅದರ ಒಂದು ಉಬ್ಬು. ಇಂಥ ಪಟ್ಟಿಗಳ ಶಿಲೆಗಳಿಗೆ 1880ರ ದಶಕದಲ್ಲಿ ಧಾರವಾಡ ಶಿಲಾವರ್ಗವೆಂಬ ಹೆಸರನ್ನಿತ್ತವನು ರಾಬರ್ಟ್ ಬ್ರೂಸ್ ಫುಟ್. ಮೈಸೂರು ಸಂಸ್ಥಾನವು 1894ರಲ್ಲಿ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥನೂ ಆತನೇ. ಈ ಶಿಲೆಗಳಲ್ಲಿ ಲಾವಾ ಇದ್ದರೂ ನೀರಿನಲ್ಲಿ ನಿಕ್ಷೇಪಗೊಂಡ ಪದರಗಳೂ ಹೇರಳವಾಗಿವೆಯೆಂಬುದು ಆತನ ಅಭಿಪ್ರಾಯವಾಗಿತ್ತು.

ಅವನ ತರುವಾಯ ಇಲಾಖೆಯನ್ನು ಬಹುಕಾಲ ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಬೇರೆಯೇ ನಿರ್ಣಯಕ್ಕೆ ಬಂದನು. ಮೈಸೂರಿನ ಧಾರವಾಡ ಶಿಲೆಗಳು ಪ್ರಾಯಶಃ ಎಲ್ಲವೂ ಅಗ್ನಿಜವೇ ಎಂದು ಆತನು ಸಾಧಿಸಿದನು. 1916ರಲ್ಲಿ ಪ್ರಕಟವಾದ ಮೈಸೂರಿನ ಭೂಚರಿತ್ರೆಯ ರೂಪರೇಖೆಯಲ್ಲಿ ಈ ಮತವೇ ಪ್ರತಿಪಾದಿತವಾಗಿದೆ. ಹಾಗಾದರೆ ಗುಂಡುಗಳು ಹುದುಗಿರುವ ಕಲ್ಲಿನ ಗತಿಯೇನು? ಭೂವಿಜ್ಞಾನಿಗಳು ಕಾಂಗ್ಲೊಮರೇಟ್ ಎಂದು ಕರೆಯುವ ಆ ಕಲ್ಲನ್ನು ಸಾಮಾನ್ಯವಾಗಿ ನದಿಯ ಅಥವಾ ಕಡಲ ದಂಡೆಯ ಉರುಟು ಕಲ್ಲುಗಳು ಮರಳುಮಣ್ಣಿನಲ್ಲಿ ಹೂತು ಗಟ್ಟಿಯಾದದ್ದೆಂದು ತಿಳಿಯುತ್ತಾರೆ. ಸ್ಮೀತನ ಉತ್ತರ ಹೀಗಿತ್ತು: ಇವು ನೀರಿನಲ್ಲಿ ಉರುಳಿದ ಗುಂಡುಗಳಲ್ಲ, ನೆಲದೊಳಗೆ ಬಂಡೆಯೇ ಅರೆದು ಜಜ್ಜಿಹೋದಾಗ ಅದರ ಚೂರುಗಳು ಒಂದಕ್ಕೊಂದು ತಿಕ್ಕಿ ಉರುಟಾದವು.

ಈ ಉತ್ತರವನ್ನು ಮೂಢತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಾಗೆ ಜಜ್ಜಿ ಉರುಟಾದ ಕಲ್ಲುಗಳು ಲೋಕದಲ್ಲಿ ಉಂಟು. ಅದಲ್ಲದೆ ದುರ್ಗದ ಸೀಮೆಯ ಕಲ್ಲುಗಳು ಎಷ್ಟೋ ಸಲ ಮಡಿಸಿ, ಹಿಂಡಿ, ಬೆಂದುಹೋದಂಥವು. ಗುಂಡುಗಳು ಅನೇಕ ಕಡೆ ಚಪ್ಪಟೆಯಾಗಿ ಬಾದಾಮಿಯಂತೆ ನೀಳವಾಗಿವೆ. ಅಂಥ ಮೈಯಲ್ಲಿ ಬಾಲ್ಯದ ಗುರುತನ್ನು ಓದುವುದು ಸುಲಭವಲ್ಲ. ಸ್ಮೀತನು ದೊಡ್ಡ ವಿದ್ವಾಂಸ, ಕಷ್ಟಸಹಿಷ್ಣು. ಆದರೆ ಮುಖ್ಯಸ್ಥನ ಮತವು ಕ್ರಮೇಣ ಇಲಾಖೆಯ ಮತವಾಯಿತು. ಇಲಾಖೆಯ ಮತಕ್ಕೆ ಎದುರಾಗಿ ಒಂದು ಗುಂಡುಕಲ್ಲನ್ನು ಹಿಡಿದು ನಿಲ್ಲುವುದು ಕೈಕೆಳಗಿನವರಿಗೆ ಸುಲಭವಾಗಿರಲಾರದು.

ಆದರೂ ಕಲ್ಲು ತನ್ನ ಮಾತನ್ನು ಬಿಡಲಿಲ್ಲ. 1935ರಲ್ಲಿ ಸಿ. ಎಸ್. ಪಿಚ್ಚಮುತ್ತು ಅವರು ಆಗಿನ ಕಡೂರು ಜಿಲ್ಲೆಯ ಕಲ್ದುರ್ಗದ ಗುಂಡುಶಿಲೆಗಳನ್ನು ಕುರಿತು ಬರೆದು ಅವು ನೀರಿನ ನಿಕ್ಷೇಪಗಳೆಂದು ವಾದಿಸಿದರು. ಇಲಾಖೆಯೊಳಗೇ ಇದ್ದ ಬಿ. ರಾಮರಾಯರು ಅದೇ ದಶಕದಲ್ಲಿ ಹಳೆಯ ನಿರ್ಣಯವನ್ನು ಮತ್ತೆ ಪರೀಕ್ಷಿಸಿ, ಮರಳುಗಲ್ಲುಗಳಲ್ಲಿ ಅಲೆಯ ಗುರುತುಗಳನ್ನೂ ಹರಿವಿನ ಓರೆಪದರಗಳನ್ನೂ ತೋರಿಸಿ, ಧಾರವಾಡ ಶಿಲೆಗಳಲ್ಲಿ ಜಲಜ ಶಿಲೆಗಳಿಗೆ ಅವುಗಳ ಸ್ಥಾನವನ್ನು ಹಿಂದಿರುಗಿ ಕೊಟ್ಟರು. 1940ರಲ್ಲಿ ಪ್ರಕಟವಾದ ಅವರ ವಿಸ್ತಾರವಾದ ವರದಿಯೊಡನೆ ಆ ವ್ಯಾಜ್ಯವು ಬಹುಮಟ್ಟಿಗೆ ತೀರ್ಮಾನವಾಯಿತೆನ್ನಬಹುದು.

ತೀರ್ಮಾನಕ್ಕೆ ಆಧಾರವಾದ ತರ್ಕಗಳಲ್ಲಿ ಒಂದು, ಗೃಹಿಣಿಯರಿಗೂ ಒಡನೆ ಮನಗಾಣುವಂಥದು. ಒಂದೇ ತೆಂಗಿನಕಾಯಿಯನ್ನು ಜಜ್ಜಿದರೆ ದೊರೆಯುವುದು ತೆಂಗಿನ ಚೂರುಗಳೇ. ಆ ಚೂರುಗಳ ನಡುವೆ ಬೆಲ್ಲವೂ ಕಡಲೆಯೂ ಕಂಡುಬಂದರೆ ಯಾರೋ ತಂದು ಬೆರೆಸಿದ್ದಾರೆಂದೇ ಅರ್ಥ. ತಾಳ್ಯದ ಕಲ್ಲಿನಲ್ಲಿ ಗ್ರಾನೈಟಿನ ಗುಂಡು, ಪಟ್ಟೆಪಟ್ಟೆಯ ನೈಸ್ ಶಿಲೆಯ ಗುಂಡು, ಬೆಣಚುಕಲ್ಲಿನ ಗುಂಡು, ಮರಳುಗಲ್ಲು ಗಟ್ಟಿಯಾಗಿ ಆದ ಕ್ವಾರ್ಟ್ಸೈಟಿನ ಗುಂಡು, ಇವೆಲ್ಲ ಅಕ್ಕಪಕ್ಕದಲ್ಲಿವೆ. ಬೇರೆ ಬೇರೆ ಊರಿನ ಕಲ್ಲುಗಳು ಒಂದೆಡೆ ಸೇರಬೇಕಾದರೆ ಹೊತ್ತು ತಂದವರಿರಬೇಕು. ಆದುದರಿಂದ ಈ ಪದರಗಳು ಕೂಡುವುದಕ್ಕಿಂತ ಮುಂಚೆಯೇ ಇಲ್ಲೊಂದು ಹಳೆಯ ನೆಲವಿತ್ತು. ಅದರ ಮೇಲೆ ಮಳೆ ಬಿದ್ದಿತ್ತು. ಆ ನೆಲ ಸವೆದಿತ್ತು. ಹಾಸನದ ಗೊರೂರಿನ ಬಳಿಯ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷವೆಂದು ಆಮೇಲೆ ಲೆಕ್ಕವಾದಾಗ, ಗುಂಡುಕಲ್ಲು ಮೊದಲೇ ಹೇಳಿದ್ದ ಸಾಕ್ಷ್ಯಕ್ಕೆ ಅಂಕಿಯ ಬೆಂಬಲವೂ ದೊರೆಯಿತು. ಅದರಲ್ಲಿಯೂ ಕ್ವಾರ್ಟ್ಸೈಟಿನ ಗುಂಡಿನ ಕಥೆ ವಿಚಿತ್ರವಾದದ್ದು. ಅದು ಒಂದು ಕಾಲದಲ್ಲಿ ಮರಳಾಗಿತ್ತು, ಮರಳು ಕಲ್ಲಾಯಿತು, ಕಲ್ಲು ಒಡೆದು ಉರುಳಿ ಗುಂಡಾಯಿತು, ಗುಂಡು ಮತ್ತೆ ಕಲ್ಲಿನೊಳಗೆ ಸೇರಿತು.

ಇದನ್ನು ಓದಿದ ರಾತ್ರಿ ಮೇಷ್ಟ್ರಿಗೆ ನಿದ್ರೆ ಬರಲಿಲ್ಲ. ತಮ್ಮ ತರಗತಿಯಲ್ಲಿ ಕುರಿಗಾಹಿಯ ಮಗನು ಕೇಳಿದ ಪ್ರಶ್ನೆಯೇ ಸಂಸ್ಥಾನದ ಪಂಡಿತರನ್ನು ಇಪ್ಪತ್ತು ವರ್ಷ ಕಾಡಿದ್ದಿತು; ಹುಡುಗನು ಅದನ್ನು ಕೇಳುವ ಹೊತ್ತಿಗೆ ಉತ್ತರವು ಅಚ್ಚಾಗಿ ಸುಮಾರು ನಲವತ್ತು ವರ್ಷವೂ ಆಗಿದ್ದಿತು. ಸ್ಮೀತನಿಗಾದರೂ ತಪ್ಪಲು ಕಾರಣಗಳಿದ್ದವು. ತಮಗಿದ್ದ ಕಾರಣವೇನೆಂದು ಯೋಚಿಸಿದರೆ ಅವರಿಗೆ ಸಿಕ್ಕಿದ್ದು ತರಗತಿಯ ನಗುವೊಂದೇ.

2017ರ ಬೇಸಿಗೆ ಆ ಸೀಮೆಗೆ ಕಠಿನವಾದದ್ದು. ಕೆರೆಗಳು ಬತ್ತಿದ್ದವು, ಅಡಕೆಯ ತೋಟಗಳು ಸುಳಿಯಲ್ಲಿ ಒಣಗುತ್ತಿದ್ದವು. ಮೇಷ್ಟ್ರ ಎರಡೆಕರೆ ತೋಟದ ಹಳೆಯ ಕೊಳವೆಬಾವಿಯೂ ನಿಂತಿತು. ಇದ್ದಬದ್ದ ಹಣವನ್ನು ಕೂಡಿಸಿ ಹೊಸದನ್ನು ಕೊರೆಸಲು ಲಾರಿಯನ್ನು ಕರೆಸಿದರು. ಲಾರಿಯ ಯಜಮಾನ ಐವತ್ತು ದಾಟಿದ ಆಳು. ಬಂದವನೇ ಕಾಲು ಮುಟ್ಟಿ ನಮಸ್ಕರಿಸಿದಾಗ ಮೇಷ್ಟ್ರು ಗುರುತಿಸಿದರು.

ಕೊರೆತ ಸಾಯಂಕಾಲಕ್ಕೆ ಮೊದಲಾಯಿತು. ಇಪ್ಪತ್ತು ಅಡಿಯ ಒಂದೊಂದು ರಾಡು ಇಳಿದಂತೆ ಮೇಲೆ ಚಿಮ್ಮಿದ ಪುಡಿಯನ್ನು ಆತನು ಹಿಡಿಹಿಡಿಯಾಗಿ ತೆಗೆದು ಸಾಲಾಗಿ ಗುಪ್ಪೆ ಹಾಕಿಸಿದನು. ಮೊದಲಿನವು ಕೆಂಪು ಮಣ್ಣು, ಆಮೇಲೆ ಹಳದಿ ಮಿಶ್ರವಾದ ಕೊಳೆತ ಕಲ್ಲು, ಆಮೇಲೆ ಬೂದುಹಸಿರು, ನಡುವೆ ಒಂದೆರಡು ಗುಪ್ಪೆ ಬೆಣಚಿನ ಬಿಳುಪು, ಮತ್ತೆ ಬೂದುಹಸಿರು. ದೀಪದ ಬೆಳಕಿನಲ್ಲಿ ಆ ಗುಪ್ಪೆಗಳ ಸಾಲನ್ನು ನೋಡುತ್ತ ನಿಂತ ಮೇಷ್ಟ್ರಿಗೆ, ಪುಸ್ತಕದಲ್ಲಿ ಓದಿದ ನೆಲದ ಛೇದಚಿತ್ರವು ತಮ್ಮ ಅಂಗಳದಲ್ಲಿಯೇ ಹರಡಿದಂತಾಯಿತು. ಬಿಳಿಯ ಗುಪ್ಪೆ ಬಂದಾಗ ಪುಡಿ ಸ್ವಲ್ಪ ಒದ್ದೆಯಾಗಿತ್ತು, ಆಸೆ ಹುಟ್ಟಿತ್ತು. ಆರುನೂರು ಅಡಿಗೆ ಬರುವ ವೇಳೆಗೆ ಮತ್ತೆ ಒಣಧೂಳು.

ಆತನು ಯಂತ್ರವನ್ನು ನಿಲ್ಲಿಸಿಸಿದನು. “ಸಾ, ಇನ್ ಮುಂದಕ್ಕೆ ಬ್ಯಾಡ. ಪುಡಿ ನೋಡ್ರಿ, ಆರು ರಾಡಿನಿಂದ ಒಂದೇ ಬಣ್ಣ. ಕಲ್ಲಾಗೆ ಬಿರುಕಿಲ್ಲ. ಅಡಿ ಲೆಕ್ಕದಾಗೆ ನಂಗೆ ದುಡ್ಡು ಬತ್ತದೆ, ನಿಮಗೆ ನೀರು ಬರಲ್ಲ” ಎಂದನು. ಅಡಿಗಿಷ್ಟೆಂದು ಕೂಲಿ ಪಡೆಯುವ ಕಸುಬಿನಲ್ಲಿ ಹೀಗೆ ಹೇಳುವವರು ಹೆಚ್ಚಿಲ್ಲ. ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಕೇಳಿದರು: “ಏನಪ್ಪಾ, ನೀನೊಂದು ಸಲ ತಾಳ್ಯದ ಕಡೆಯಿಂದ ಕಲ್ಲು ತಂದಿದ್ದೆಯಲ್ಲ, ಜ್ಞಾಪಕವಿದೆಯೆ?” ಆತನು ಸ್ವಲ್ಪ ಯೋಚಿಸಿ ಹೇಳಿದನು: “ಕಲ್ಲು ಮರ್ತೋಗಿತ್ತು ಸಾ. ನಗಾಡಿದ್ದು ನೆನಪೈತೆ.”

“ನೀನು ಕೇಳಿದ್ದೇ ಸರಿಯಾಗಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಬೇಕಾಗಿತ್ತು” ಎಂದರು ಮೇಷ್ಟ್ರು. ಆತನು ತಲೆತಗ್ಗಿಸಿ, ರಾಡುಗಳನ್ನು ಎತ್ತಲು ಹುಡುಗರಿಗೆ ಕೂಗಿ ಹೇಳಿದನು. ಬೇರೆ ಉತ್ತರವನ್ನು ಕೊಡಲಿಲ್ಲ.

ಹದಿನೈದು ದಿನಗಳ ಮೇಲೆ ಆತನು ತಾನಾಗಿಯೇ ಬಂದು, ಆ ಕಲ್ಲು ಇದ್ದ ಹೊಲವನ್ನು ತೋರಿಸುವುದಾಗಿ ಹೇಳಿದನು. ಇಬ್ಬರೂ ಬೆಳಗಿನ ಹೊತ್ತು ತಾಳ್ಯದ ಕಡೆಗೆ ಹೋದರು. ಬದುವಿನ ಆಚೆ ನೆಲದಿಂದ ಮೊಳದೆತ್ತರಕ್ಕೆ ಕಲ್ಲಿನ ಏಣುಗಳು ಎದ್ದಿದ್ದವು. ಅವುಗಳ ಮೈತುಂಬ ಗುಂಡುಗಳು. ಮೇಷ್ಟ್ರು ತಾವು ಓದಿದ್ದನ್ನೆಲ್ಲ ಹೇಳಿದರು. ಆತನು ಕೊರೆತದಲ್ಲಿ ಕಂಡದ್ದನ್ನೆಲ್ಲ ಹೇಳಿದನು. ಅಂದು ಅವರಿಬ್ಬರೂ ಜೋಗಿಮಟ್ಟಿಯನ್ನು ಬಳಸಿಕೊಂಡು ಪೂರ್ವಕ್ಕೆ ಐಮಂಗಲದವರೆಗೆ ಸಾಗಿದ ದಾರಿಯನ್ನು ಅನುಸರಿಸಿದರೆ ಆ ಶಿಲಾಗ್ರಂಥದ ಪುಟಗಳು ಎಂತಿವೆಯೆಂಬುದು ವಾಚಕರಿಗೂ ಗೊತ್ತಾದೀತು.

ಪದರಗಳು ಇಲ್ಲಿ ಹಾಸಿದ ಚಾಪೆಯಂತೆ ಮಲಗಿಲ್ಲ. ಭೂಮಿಯ ಒತ್ತಡದಿಂದ ಮಡಿಕೆಬಿದ್ದು, ಕಪಾಟಿನಲ್ಲಿ ನಿಲ್ಲಿಸಿದ ಪುಸ್ತಕಗಳಂತೆ ಬಹುಮಟ್ಟಿಗೆ ಎದ್ದು ನಿಂತಿವೆ. ಆದಕಾರಣ ಬಾವಿ ತೋಡದೆಯೇ, ನೆಲದ ಮೇಲೆ ನಡೆದೇ ಒಂದು ಪುಟದಿಂದ ಮತ್ತೊಂದು ಪುಟಕ್ಕೆ ಹೋಗಬಹುದು. ಮೊದಲನೆಯದು ತಾಳ್ಯದ ಗುಂಡುಶಿಲೆ. ಅದರೊಡನೆ ಕಡಲಂಚಿನ ಮರಳು ಗಟ್ಟಿಯಾದ ಕ್ವಾರ್ಟ್ಸೈಟು, ಆಳವಿಲ್ಲದ ಬೆಚ್ಚನೆಯ ನೀರಿನ ಸುಣ್ಣಕಲ್ಲು, ಕಬ್ಬಿಣ ಮ್ಯಾಂಗನೀಸುಗಳ ಪಟ್ಟೆಗಲ್ಲು. ಇದೇ ಶಿಲಾಪಟ್ಟಿಯ ದಕ್ಷಿಣ ಭಾಗದಲ್ಲಿ, ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ, ಕಣ್ಣಿಗೆ ಕಾಣದ ಜೀವಾಣುಗಳು ಹಾಸುಹಾಸಾಗಿ ಬೆಳೆದು ಬಿಟ್ಟುಹೋದ ಸ್ಟ್ರೊಮಾಟೊಲೈಟುಗಳೆಂಬ ಕಮಾನು ಕಮಾನಾದ ಗೆರೆಗಳು ದೊರೆತಿವೆ. ಮೀನಿಲ್ಲ, ಶಂಖವಿಲ್ಲ, ದಡದಲ್ಲಿ ಒಂದು ಹುಲ್ಲೆಸಳೂ ಇಲ್ಲದ ಕಾಲದ ಜೀವದ ಗುರುತು ಅದು.

ಎರಡನೆಯ ಪುಟ ಲಾವಾ. ಹಿಂದೆ ತಾಮ್ರದ ಗಣಿಯಿದ್ದ ಇಂಗಳದಾಳದ ಹೆಸರು ಅದಕ್ಕಿದೆ; ಅದರ ವಯಸ್ಸನ್ನು ಸುಮಾರು 275 ಕೋಟಿ ವರ್ಷಗಳೆಂದು ಅಳೆದಿದ್ದಾರೆ. ಜೋಗಿಮಟ್ಟಿಯ ನೆತ್ತಿಯೂ ಇಂಥ ಲಾವಾದ್ದೇ. ಹಾಗಾದರೆ ಮೇಷ್ಟ್ರ ಬೆಂಕಿಯ ಕಲ್ಲು ಇಲ್ಲಿಯಾದರೂ ಗೆದ್ದಿತೆನ್ನಬಹುದೆ? ಆ ಲಾವಾ ಕೂಡ ನೀರಿನದೇ ಸಾಕ್ಷಿ ಹೇಳುತ್ತದೆ. ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ ಅದು ತಲೆದಿಂಬುಗಳನ್ನು ಒಟ್ಟಿದಂತೆ ದುಂಡು ದುಂಡಾಗಿ ಹೆಪ್ಪುಗಟ್ಟಿದೆ. ಕರಗಿದ ಕಲ್ಲು ನೀರಿನಡಿಯಲ್ಲಿ ಉಕ್ಕಿದಾಗ ಮಾತ್ರ ಈ ದಿಂಬಿನ ರೂಪ ಬರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿ ಬೇಲಿ ಹಾಕಿಸಿದೆ. ಬೆಂಕಿಯೂ ನೀರೂ ಒಂದೇ ತಾಣದಲ್ಲಿ ಕೆಲಸ ಮಾಡಿದ್ದವೆಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಮೂರನೆಯ ಪುಟವು ಹಿರಿಯೂರಿನ ಹೆಸರಿನದು: ಮರಳೂ ಕೆಸರೂ ಬೆರೆತು ಆಳವಾದ ನೀರಿನಲ್ಲಿ ಕೂತ ಬೂದುಬಣ್ಣದ ಪದರಶಿಲೆ. ಕೊಡದಲ್ಲಿ ಕೆಸರುನೀರನ್ನು ಹಿಡಿದಿಟ್ಟರೆ ಮರಳು ಮೊದಲು ತಳಕ್ಕೆ ಕೂರುತ್ತದೆ, ನಯವಾದ ಮಣ್ಣು ಆಮೇಲೆ. ಇಂಥ ಶಿಲೆಯ ಒಂದೊಂದು ಪದರದಲ್ಲಿಯೂ ಆ ಕ್ರಮವೇ ಇರುತ್ತದೆ. ಪದರವು ತಲೆಕೆಳಗಾಗಿ ಮಗುಚಿದ್ದರೂ, ಒರಟು ಕಡೆ ತಳ, ನಯವಾದ ಕಡೆ ನೆತ್ತಿ ಎಂದು ಹೇಳಬಹುದು. ಈ ಉಪಾಯವನ್ನು ಮೇಷ್ಟ್ರು ವಿವರಿಸುತ್ತಿದ್ದಾಗ ಲಾರಿಯ ಯಜಮಾನನು ನಕ್ಕು, ಕೊರೆದ ಕೆಸರು ಗುಂಡಿಯಲ್ಲಿ ಹಾಗೆಯೇ ಕೂರುವುದನ್ನು ತಾನು ಇಪ್ಪತ್ತೈದು ವರ್ಷದಿಂದ ನೋಡುತ್ತಿರುವುದಾಗಿ ಹೇಳಿದನು.

ತಾಳ್ಯದ ಗುಂಡುಗಳನ್ನು ಹೊತ್ತು ತಂದವರು ಯಾರೆಂಬ ಪ್ರಶ್ನೆಗೆ ಈಚೆಗೆ ಮತ್ತೊಂದು ಉತ್ತರವೂ ಬಂದಿದೆ. ಅಮೆರಿಕದ ರಿಚರ್ಡ್ ಓಜಕಾಂಗಸ್ ಎಂಬವರೂ ಈ ದೇಶದ ಅವರ ಸಂಗಡಿಗರೂ 2014ರಲ್ಲಿ ಬರೆದ ಲೇಖನವೊಂದರಲ್ಲಿ, ಈ ಕಲ್ಲು ಹಿಮದ ಕೆಲಸವೆಂದು ವಾದಿಸಿದ್ದಾರೆ. ಅವರ ಮತದಂತೆ ಸುಮಾರು 270 ಕೋಟಿ ವರ್ಷಗಳ ಹಿಂದೆ ನೆಲದ ಮೇಲಿನಿಂದ ಇಳಿದುಬಂದ ಹಿಮರಾಶಿಯು ಕಡಲಿನಲ್ಲಿ ತೇಲಿ ಕರಗಿದಾಗ, ಅದರ ಒಡಲಲ್ಲಿ ಸಿಕ್ಕಿದ್ದ ಕಲ್ಲುಗಳು ಕೆಳಗಿನ ಕೆಸರಿಗೆ ಬಿದ್ದವು. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿ ಹಿಮವೆಂದರೆ ನಂಬುವುದು ಕಷ್ಟ. ಜೋಗಿಮಟ್ಟಿಯ ಮಡಿಲಲ್ಲಿ ಹಿಮವತ್ಕೇದಾರವೆಂಬ ಜಲಧಾರೆಯ ಗುಹೆಯೊಂದಿದೆ. ಆ ಹೆಸರಿಗೂ ಈ ವಾದಕ್ಕೂ ಸಂಬಂಧವೇನೂ ಇಲ್ಲ, ಭಕ್ತರು ಹಿಮಾಲಯದ ಕೇದಾರವನ್ನು ನೆನೆದು ಇಟ್ಟದ್ದು ಅದು. ಆದರೂ ಮೇಷ್ಟ್ರು ಇದನ್ನು ಹೇಳುವಾಗ, “ಇದು ಒಂದು ಅಭಿಪ್ರಾಯ. ನಾಳೆ ಇನ್ನೊಬ್ಬರು ಬೇರೆ ಹೇಳಿಯಾರು” ಎಂಬ ಮಾತನ್ನು ಸೇರಿಸಲು ಮರೆಯಲಿಲ್ಲ. ಮೂವತ್ತುಮೂರು ವರ್ಷದ ಬೋಧನೆಯಲ್ಲಿ ಅವರು ಹಾಗೆ ಸೇರಿಸಿದ್ದು ಅಪರೂಪ.

ವಿದ್ವಾಂಸರು ಈ ಮೂರು ಪುಟಗಳನ್ನೂ ಕೂಡಿಸಿ ಚಿತ್ರದುರ್ಗ ಶಿಲಾಗುಚ್ಛವೆಂದು ಕರೆಯುತ್ತಾರೆ. ಮೊದಲನೆಯ ಪುಟಕ್ಕೆ ಅವರು ಕೊಟ್ಟ ಹೆಸರು ವಾಣಿವಿಲಾಸ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಹೆಸರನ್ನೇ ಅದಕ್ಕಿಟ್ಟರು. ನೂರು ವರ್ಷದ ಅಣೆಕಟ್ಟಿನ ಹೆಸರನ್ನು ಇನ್ನೂರೆಪ್ಪತ್ತು ಕೋಟಿ ವರ್ಷದ ಕಲ್ಲು ಹೊತ್ತಿರುವುದು ನಾಮಕರಣದ ಒಂದು ವಿನೋದ.

ಆ ಸಾಗರವು 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಆಮೇಲೆ ಎಂಬತ್ತೊಂಬತ್ತು ವರ್ಷ ತುಂಬದೆ ಇದ್ದು, 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿದ್ದಿತು. ಸುತ್ತಣ ತಾಲ್ಲೂಕುಗಳ ಜನವೆಲ್ಲ ನೋಡಲು ಹೋದರು. ಮೇಷ್ಟ್ರನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋದವನು ಅವರ ಹಳೆಯ ವಿದ್ಯಾರ್ಥಿಯೇ. ಅವನ ಮೊಮ್ಮಗಳೊಬ್ಬಳು, ಶಾಲೆಗೆ ಹೋಗುವ ಹುಡುಗಿ, ಸಂಗಡವಿದ್ದಳು. ಕೋಡಿಯ ಮೇಲಿಂದ ಬೀಳುವ ನೀರು ತಿಳಿಯಾಗಿತ್ತು. ಆದರೆ ಹಿನ್ನೀರಿಗೆ ಹಳ್ಳಗಳು ತರುತ್ತಿದ್ದ ನೀರು ಕೆಂಪಗಿತ್ತು. ಹುಡುಗಿ ಅದನ್ನು ಕಂಡು, ಒಳಕ್ಕೆ ಹೋಗುವ ನೀರು ಕೆಂಪಾಗಿದ್ದು ಹೊರಕ್ಕೆ ಬರುವ ನೀರು ಬೆಳ್ಳಗಿದ್ದರೆ ಆ ಕೆಂಪು ಎಲ್ಲಿಗೆ ಹೋಯಿತು ತಾತ ಎಂದು ಕೇಳಿದಳು.

ಅಜ್ಜನು ಮೇಷ್ಟ್ರ ಮುಖವನ್ನು ನೋಡಿದನು. ಮೇಷ್ಟ್ರು ಉತ್ತರವನ್ನು ಬಲ್ಲವರಾಗಿದ್ದರು. ಜೋಗಿಮಟ್ಟಿಯ ಬುಡದ ಹೊಲಗಳ ಮಣ್ಣು ಸಾಗರದ ತಳದಲ್ಲಿ ಆ ವರ್ಷದ ತೆಳು ಪದರವಾಗಿ, ಒರಟು ಕೆಳಗೆ ನಯ ಮೇಲೆ, ಕೂರುತ್ತಿದ್ದಿತು. ಆದರೂ ಅವರು ಹೇಳಲು ಅವಸರಪಡಲಿಲ್ಲ. ನೀರಿನ ಅಂಚಿಗೆ ಇಳಿದು, ಒಂದು ಖಾಲಿ ಬಾಟಲಿಯಲ್ಲಿ ಕೆಂಪುನೀರನ್ನು ತುಂಬಿ ಹುಡುಗಿಯ ಕೈಗೆ ಕೊಟ್ಟು, ಮನೆಯಲ್ಲಿ ಕಿಟಕಿಯ ಮೇಲೆ ಅಲುಗಾಡಿಸದೆ ಇಟ್ಟು ನಾಳೆ ಬೆಳಿಗ್ಗೆ ನೋಡಿ ಬಂದು ಹೇಳುವಂತೆ ತಿಳಿಸಿದರು.